ನಕ್ಷತ್ರ ಇಳಿಸುವ ದಿನ ಯಾವುದು?

ಕೆಲವು ವರ್ಷಗಳ ಹಿಂದಿನ ಮಾತು. ಮದ್ದೂರು ಕಡೆಯ ನಮ್ಮ ಶಾಲೆಯ ವರಾಂಡದಲ್ಲಿ ಹುಡುಗನೊಬ್ಬ ಬಿದಿರುಕಡ್ಡಿ, ಬಣ್ಣದ ಕಾಗದಗಳಿಂದ ಮಾಡಿದ ನಕ್ಷತ್ರ ತೂಗುಹಾಕಿದ್ದ. ಡಿಸೆಂಬರ್ 26ರ ಬೆಳಿಗ್ಗೆ ನಾನೇ ಅದನ್ನು ಇಳಿಸಿಬಿಟ್ಟೆ. ‘ಹಬ್ಬ ಮುಗೀತಲ್ಲಪ್ಪ’ ಎಂದೆ. ‘ಈಗ ಶುರುವಾಗಿದೆ, ಸಾರ್’ ಎಂದು ಅವನು ತಲೆತಗ್ಗಿಸಿದ. ಅಷ್ಟು ವರ್ಷ ಪಾಠ ಹೇಳಿದ ನನಗೆ ಇದು ತಿಳಿದಿರಲಿಲ್ಲ!

ಕ್ರೈಸ್ತರ ಪಂಚಾಂಗದಲ್ಲಿ ಡಿಸೆಂಬರ್ 25ರ ಹಿಂದಿನ ನಾಲ್ಕು ಭಾನುವಾರಗಳದು ಆಗಮನ ಕಾಲ. ಅದು ಕಾಯುವ ಸಮಯ. ಸಂಭ್ರಮದ ದಿನಗಳು ಬರುವುದು ಕ್ರಿಸ್ತಜಯಂತಿಯ ನಂತರವೇ. ಜನವರಿ 6 ಮೂರು ರಾಯರ ಹಬ್ಬ (ಈಗ ಅನೇಕ ಕಡೆ ಹತ್ತಿರದ ಭಾನುವಾರ ಆಚರಿಸುತ್ತಾರೆ). ಮೂಡಣದ ಜ್ಞಾನಿಗಳು ನಕ್ಷತ್ರದ ಜಾಡು ಹಿಡಿದು ಬಂದು ಬಾಲಯೇಸುವನ್ನು ಕಂಡ ನೆನಪು ಅದು. ಅವರು ಬರುವ ಮೊದಲೇ ನಾನು ನಕ್ಷತ್ರ ಇಳಿಸಿದ್ದೆ! ಕಥೊಲಿಕರಲ್ಲಿ ಯೇಸುವಿನ ದೀಕ್ಷಾಸ್ನಾನದ ಹಬ್ಬದೊಂದಿಗೆ ಈ ಕಾಲ ಮುಗಿಯುತ್ತದೆ.

ಮಂಡ್ಯದವರಿಗೆ ಇದು ಅರ್ಥವಾಗದ್ದೇನಲ್ಲ. ಅದೇ ದಿನಗಳಲ್ಲಿ ಮೇಲುಕೋಟೆಯಲ್ಲಿ ಧನುರ್ಮಾಸದ ನಸುಕಿನ ಪೂಜೆ ಸಂಕ್ರಾಂತಿಯವರೆಗೆ ನಡೆಯುತ್ತದಲ್ಲ?

ರಷ್ಯದಲ್ಲಿ ಜನವರಿ 7ಕ್ಕೆ ಕ್ರಿಸ್‌ಮಸ್ ಏಕೆ ಎಂದು ಮಕ್ಕಳು ಕೇಳುವುದುಂಟು. ಹಳೆಯ ಜೂಲಿಯನ್ ವರ್ಷ 365.25 ದಿನ, ಋತುಗಳ ವರ್ಷ ಅದಕ್ಕಿಂತ ಸುಮಾರು 11 ನಿಮಿಷ ಚಿಕ್ಕದು. ಕೂಡುತ್ತಾ ಬಂದ ಈ ತಪ್ಪನ್ನು 1582ರಲ್ಲಿ ಪೋಪ್ ಗ್ರೆಗರಿ 10 ದಿನ ಕೈಬಿಟ್ಟು ಸರಿಪಡಿಸಿದರು. ರಷ್ಯದ ಚರ್ಚು ಒಪ್ಪಲಿಲ್ಲ; ಅಂತರ ಈಗ 13 ದಿನ.

ಮರುವರ್ಷ ಆ ಹುಡುಗ ಮತ್ತೆ ನಕ್ಷತ್ರ ತಂದ. ಇಳಿಸುವ ದಿನವನ್ನು ಅವನೇ ಹೇಳಿದ. ನಾನು ಏಣಿ ಹಿಡಿದುಕೊಂಡೆ.