ತಲಪಾಡಿ ದಾಟಿದ ಎರಡನೇ ಅರ್ಜಿ

ಮಂಜೇಶ್ವರ, ಉಪ್ಪಳದ ನಮ್ಮ ಮಕ್ಕಳಿಗೆ ಕಾಲೇಜು ಎಂದರೆ ಮೊದಲು ನೆನಪಾಗುವುದು ಮಂಗಳೂರು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತಾದರೂ ಪೇಟೆ, ಆಸ್ಪತ್ರೆ, ಓದು ಎಲ್ಲಕ್ಕೂ ನಮ್ಮ ಮುಖ ಆ ದಿಕ್ಕಿಗೇ. ನನ್ನ ತಂಗಿಯ ಮಗಳು 2024ರಲ್ಲಿ ಅಲ್ಲಿಯ ಕಾಲೇಜೊಂದಕ್ಕೆ ಬಿ.ಕಾಂ.ಗೆ ಅರ್ಜಿ ಹಾಕಿದ್ದಳು. ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಊರ ಕಡೆಯ ಕಾಲೇಜು ಸೇರಿದಳು. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ. ಇಲ್ಲಿ ಪುಸ್ತಕ ಇಂಗ್ಲಿಷು, ವಿವರಣೆ ಮಲಯಾಳ.

ವರ್ಷ ಕಳೆಯಿತು. "ಮಾವ, ಎರಡನೇ ವರ್ಷಕ್ಕೆ ಪುನಃ ಅಲ್ಲಿಗೇ ಅರ್ಜಿ ಹಾಕ್ತೇನೆ" ಅಂದಳು. "ಒಮ್ಮೆ ಬೇಡ ಅಂದವರು ಈಗ ಕೊಡ್ತಾರಾ?" ಎಂದು ತಂಗಿಗೆ ಸಂಶಯ. ಜತೆಗೆ ನಾನೇ ಹೋದೆ.

ಕಚೇರಿಯ ಗುಮಾಸ್ತರು ನಕ್ಕರು. "ಹಳೇ ಅರ್ಜಿ ಈಗ ಯಾರು ನೋಡ್ತಾರೆ ಮಾರಾಯ್ರೆ? ಸೀಟು ಖಾಲಿ ಉಂಟಾ, ಸೆಮಿಸ್ಟರಿನ ಮಾರ್ಕು ಎಷ್ಟು, ಸಿಲೆಬಸ್ ಹೊಂದುತ್ತದಾ, ಅಷ್ಟೇ ನೋಡುದು." ಮೊದಲ ವರ್ಷ ಸೇರಿ ಬಿಟ್ಟುಹೋದವರ ಸೀಟುಗಳಿದ್ದವು. ಪ್ಲಸ್ ಟೂ ಅಂಕ ಕೇಳುವವರೇ ಇಲ್ಲ.

ನಿಜವಾದ ತೊಡಕು ಪಠ್ಯಕ್ರಮದ್ದು. ಕೇರಳ 2024-25ರಿಂದ ನಾಲ್ಕು ವರ್ಷದ ಪದವಿ ತಂದಿತು. ಕರ್ನಾಟಕ ಅದೇ ವರ್ಷ ನಾಲ್ಕನ್ನು ಬಿಟ್ಟು ಮೂರಕ್ಕೆ ಮರಳಿತು. ತಲಪಾಡಿಯ ಈಚೆಗೊಂದು, ಆಚೆಗೊಂದು! ಯು.ಜಿ.ಸಿ. 2021ರಲ್ಲೇ ಕ್ರೆಡಿಟ್ ಬ್ಯಾಂಕಿನ ನಿಯಮ ಮಾಡಿದೆ, ಸರಿ. ಆದರೆ ನಮ್ಮಲ್ಲಿ ಕೇಳಿದ್ದು ಪ್ರಾಂಶುಪಾಲರ ಮೊಹರು ಬಿದ್ದ ಪಠ್ಯಕ್ರಮದ ಪ್ರತಿ, ಎರಡೂ ಸೆಮಿಸ್ಟರಿನ ಅಂಕಪಟ್ಟಿ, ಹಳೆಯ ಕಾಲೇಜಿನ ಒಪ್ಪಿಗೆ ಪತ್ರ. ಇವನ್ನು ಹೋಲಿಸಿ ನೋಡಿದ ಮೇಲೆಯೇ ವಿಶ್ವವಿದ್ಯಾಲಯದ ಅರ್ಹತಾ ಪತ್ರ.

ಗಡಿಯ ತಂದೆತಾಯಂದಿರಿಗೆ ಒಂದು ಮಾತು: ಸೀಟು ಖಚಿತವಾಗುವ ಮುಂಚೆ ಟಿ.ಸಿ. ತೆಗೆಯಬೇಡಿ. ಇಲ್ಲಿಯ ಹೆಸರು ಹೋಗಿ, ಅಲ್ಲಿಯ ಅರ್ಹತಾ ಪತ್ರ ಬಾರದೆ ಉಳಿದರೆ ಹುಡುಗಿ ಮನೆಯಲ್ಲೇ ಕೂರಬೇಕಾದೀತು. ತಂಗಿ ಅವಸರ ಮಾಡಿದಳು, ನಾನು ಬಿಡಲಿಲ್ಲ.

ಅರ್ಜಿಯ ಜತೆ ಅರ್ಧ ಪುಟದ ಪತ್ರ ಅವಳೇ ಬರೆದಳು. ಹೋದ ವರ್ಷ ಸೀಟು ಸಿಗದ್ದನ್ನು ಒಂದೇ ಸಾಲಿನಲ್ಲಿ ಮುಗಿಸಿ, ಈ ವರ್ಷ ಓದಿದ್ದೇನು, ಕನ್ನಡದಲ್ಲಿ ಪಾಠ ಕೇಳುವುದು ತನಗೇಕೆ ಬೇಕು ಎಂಬುದನ್ನೇ ಬರೆದಿದ್ದಳು. ಪ್ರಾಂಶುಪಾಲರು ಎರಡು ಸಲ ಓದಿದರು. "ಎರಡು ಪೇಪರ್ ಹೆಚ್ಚಿಗೆ ಬರೀಬೇಕಾಗ್ತದೆ, ಆಗ್ತದಾ?" ಎಂದರು.

"ಆಗ್ತದೆ ಸರ್."

ಆಗಸ್ಟಿನಲ್ಲಿ ಸೇರಿದಳು. ಈಗ ಬೆಳಗಿನ ರೈಲಿನಲ್ಲಿ ಆ ಎರಡು ಪೇಪರಿನ ಓದು ನಡೆದಿದೆ. ಕಿಟಕಿಯ ಬದಿ ಸಿಕ್ಕಿದ ದಿನ ತುಸು ಹೆಚ್ಚು.