ಲಸಿಕೆಯ ನಂತರವೂ ಶ್ವಾಸಕೋಶಕ್ಕೆ ಇಳಿಯುವ ಕೋವಿಡ್

ಕೋವಿಡ್ ಲಸಿಕೆಯ ಎರಡೂ ಡೋಸ್ ಪಡೆದವರಿಗೂ ಸೋಂಕು ತಗಲಬಹುದೆಂಬುದನ್ನು ಉತ್ತರ ಕರ್ನಾಟಕಕ್ಕೆ ದೊಡ್ಡ ಪ್ರಮಾಣದಲ್ಲಿ ತೋರಿಸಿಕೊಟ್ಟದ್ದು 2021ರ ನವೆಂಬರ್ ತಿಂಗಳ ಧಾರವಾಡದ ಪ್ರಕರಣ. ಅಲ್ಲಿನ ಎಸ್‌ಡಿಎಂ ವೈದ್ಯಕೀಯ ಕಾಲೇಜಿನಲ್ಲಿ ವಿದ್ಯಾರ್ಥಿಗಳೂ ಸಿಬ್ಬಂದಿಯೂ ಸೇರಿ ಸುಮಾರು 300 ಜನರಲ್ಲಿ ಸೋಂಕು ದೃಢಪಟ್ಟಿತು. ಅವರಲ್ಲಿ ಹೆಚ್ಚಿನವರು ಲಸಿಕೆ ಪೂರ್ಣಗೊಳಿಸಿದವರಾಗಿದ್ದು, ಬಹುತೇಕರಲ್ಲಿ ಲಕ್ಷಣಗಳು ಅಲ್ಪವಾಗಿದ್ದವು ಅಥವಾ ಇರಲೇ ಇಲ್ಲ. ಆದರೆ ಸೋಂಕಿತರಲ್ಲಿ ಬಹುಪಾಲು ಎಳೆ ವಯಸ್ಸಿನ ವಿದ್ಯಾರ್ಥಿಗಳಾಗಿದ್ದರು ಎಂಬುದನ್ನು ಇಲ್ಲಿ ಮರೆಯುವಂತಿಲ್ಲ. ಅದೇ ವೈರಾಣು ವಿಜಯಪುರದ ಜಲನಗರದಲ್ಲೋ ತಿಕೋಟಾ, ಬಬಲೇಶ್ವರದ ಹಳ್ಳಿಗಳಲ್ಲೋ ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆಯಿರುವ, ಮೂತ್ರಪಿಂಡ ದುರ್ಬಲವಾಗಿರುವ ಎಪ್ಪತ್ತು ದಾಟಿದವರಿಗೆ ತಗಲಿದಾಗ, ಅವರೂ ಅಷ್ಟೇ ಡೋಸ್ ಪಡೆದಿದ್ದರೂ, ರೋಗ ಹಿಡಿಯುವ ದಾರಿ ಬೇರೆಯೇ ಆಗಿ ನ್ಯುಮೋನಿಯಾಕ್ಕೆ ತಲುಪಬಹುದು.

ನ್ಯುಮೋನಿಯಾ ಎಂದರೆ ಶ್ವಾಸಕೋಶದ ಕೊನೆಯಲ್ಲಿರುವ ಸಣ್ಣ ಗಾಳಿಚೀಲಗಳು ಉರಿಯೂತದಿಂದ ದ್ರವ ತುಂಬಿಕೊಂಡು, ರಕ್ತಕ್ಕೆ ಆಮ್ಲಜನಕ ಸೇರದಂತಾಗುವ ಸ್ಥಿತಿ. ತೋಳಿಗೆ ಚುಚ್ಚುವ ಲಸಿಕೆಯಿಂದ ಹುಟ್ಟುವ ಪ್ರತಿಕಾಯಗಳು, ಅಂದರೆ ವೈರಾಣುವನ್ನು ಗುರುತಿಸಿ ಅಂಟಿಕೊಳ್ಳುವ ಪ್ರೋಟೀನುಗಳು, ಮುಖ್ಯವಾಗಿ ರಕ್ತದಲ್ಲಿರುತ್ತವೆ. ಮೂಗು ಗಂಟಲಿನ ಒಳಪದರದಲ್ಲಿ ಅವುಗಳ ಪ್ರಮಾಣ ಕಡಿಮೆ. ಆದ್ದರಿಂದ ಲಸಿಕೆ ಪಡೆದವರಿಗೂ ನೆಗಡಿ, ಗಂಟಲುನೋವು ಬರುವುದು ಸಹಜ. ಸೋಂಕು ಕೆಳಗಿಳಿಯದಂತೆ ತಡೆಯುವ ಕೆಲಸವನ್ನು ರಕ್ತದ ಪ್ರತಿಕಾಯಗಳೂ, ಹಿಂದೆ ಕಂಡ ವೈರಾಣುವನ್ನು ನೆನಪಿಟ್ಟುಕೊಳ್ಳುವ ರೋಗನಿರೋಧಕ ಕೋಶಗಳೂ ಮಾಡುತ್ತವೆ. ಈ ಎರಡನೆಯ ಕೋಟೆ ಯಾರಲ್ಲಿ ಸಡಿಲವಾಗಿದೆಯೋ ಅವರಿಗೇ ನ್ಯುಮೋನಿಯಾದ ಭಯ ಹೆಚ್ಚು.

ಅಮೆರಿಕದ 465 ಆರೋಗ್ಯ ಸಂಸ್ಥೆಗಳಲ್ಲಿ 2020ರ ಡಿಸೆಂಬರ್‌ನಿಂದ 2021ರ ಅಕ್ಟೋಬರ್‌ವರೆಗೆ ಲಸಿಕೆ ಪೂರ್ಣಗೊಳಿಸಿದ 12 ಲಕ್ಷಕ್ಕೂ ಹೆಚ್ಚು ವಯಸ್ಕರನ್ನು ಪರಿಶೀಲಿಸಿದ ಅಧ್ಯಯನವೊಂದು ಇದನ್ನು ಅಂಕಿಗಳಲ್ಲಿ ತೋರಿಸಿತು. ಕೋವಿಡ್‌ನಿಂದ ಉಸಿರಾಟ ವೈಫಲ್ಯ, ಐಸಿಯು ದಾಖಲಾತಿ ಅಥವಾ ಸಾವಿನಂಥ ತೀವ್ರ ಪರಿಣಾಮಕ್ಕೆ ಒಳಗಾದವರು ಹತ್ತು ಸಾವಿರಕ್ಕೆ ಸುಮಾರು 1.5 ಮಾತ್ರ, ಮೃತಪಟ್ಟವರು 36. ತೀವ್ರವಾಗಿ ಬಳಲಿದ ಪ್ರತಿಯೊಬ್ಬರಲ್ಲೂ ಕನಿಷ್ಠ ಒಂದು ಅಪಾಯಕಾರಿ ಅಂಶವಿತ್ತು, ಮತ್ತು ಮೃತರಲ್ಲಿ 28 ಜನರಿಗೆ ಅಂಥ ನಾಲ್ಕು ಅಥವಾ ಹೆಚ್ಚು ಅಂಶಗಳಿದ್ದವು. 65 ದಾಟಿದ ವಯಸ್ಸು, ಕುಗ್ಗಿದ ರೋಗನಿರೋಧಕ ಶಕ್ತಿ, ಮಧುಮೇಹ, ಹಾಗೂ ಶ್ವಾಸಕೋಶ, ಹೃದಯ, ಮೂತ್ರಪಿಂಡ, ಯಕೃತ್ತು ಮತ್ತು ನರಮಂಡಲದ ದೀರ್ಘಕಾಲದ ಕಾಯಿಲೆಗಳು ಆ ಪಟ್ಟಿಯಲ್ಲಿದ್ದವು. ಕಾಯಿಲೆಗಳು ಒಂದರ ಮೇಲೊಂದು ಸೇರಿದಂತೆ ಅಪಾಯ ಬೆಳೆಯುತ್ತದೆ ಎಂಬುದೇ ಈ ಅಧ್ಯಯನದ ಅತ್ಯಂತ ಮಹತ್ವದ ಅಂಶ.

ಇವುಗಳಲ್ಲಿ ಕೆಲವು ಲಸಿಕೆಗೆ ದೇಹ ಕೊಡುವ ಉತ್ತರವನ್ನೇ ಕುಂದಿಸುತ್ತವೆ. ಮೂತ್ರಪಿಂಡ ಕಸಿಯಾದವರು, ರಕ್ತದ ಕ್ಯಾನ್ಸರ್ ಇರುವವರು, ದೀರ್ಘಕಾಲ ಸ್ಟಿರಾಯ್ಡ್ ಸೇವಿಸುವವರು ಎರಡು ಡೋಸ್ ಪಡೆದರೂ ಅವರಲ್ಲಿ ಕೆಲವೊಮ್ಮೆ ಸಾಕಷ್ಟು ಪ್ರತಿಕಾಯಗಳು ಹುಟ್ಟುವುದಿಲ್ಲ. ಡಯಾಲಿಸಿಸ್ ರೋಗಿಗಳಲ್ಲಿ ಹುಟ್ಟಿದ ಪ್ರತಿಕಾಯಗಳೂ ಬೇಗ ಇಳಿಯುತ್ತವೆ. ಹತೋಟಿಯಿಲ್ಲದ ಸಕ್ಕರೆಯು ಸೂಕ್ಷ್ಮಜೀವಿಗಳನ್ನು ನುಂಗುವ ಬಿಳಿ ರಕ್ತಕಣಗಳನ್ನು ದುರ್ಬಲಗೊಳಿಸಿ, ವೈರಾಣುವಿನ ಬೆನ್ನಿಗೆ ಬ್ಯಾಕ್ಟೀರಿಯಾ ಸೋಂಕಿಗೂ ಬಾಗಿಲು ತೆರೆಯುತ್ತದೆ. ಶ್ವಾಸಕೋಶವೇ ಮೊದಲು ಹಾಳಾಗಿರುವವರ ಸ್ಥಿತಿ ಬೇರೆ: ಬೀಡಿ ಸಿಗರೇಟಿನಿಂದ ಮಾತ್ರವಲ್ಲ, ವರ್ಷಗಟ್ಟಲೆ ಕಟ್ಟಿಗೆ, ಕುಳ್ಳಿನ ಒಲೆಯ ಮುಂದೆ ಹೊಗೆ ಕುಡಿದ ಹೆಣ್ಣುಮಕ್ಕಳಲ್ಲಿಯೂ ಶ್ವಾಸನಾಳಗಳು ಕಿರಿದಾಗುವ ಕಾಯಿಲೆ ಬರುತ್ತದೆ. ಜನ ದಮ್ಮು ಎಂದು ಕರೆದು ಸುಮ್ಮನಾಗುವ ಈ ಕಾಯಿಲೆ ಆಸ್ಪತ್ರೆಯ ದಾಖಲೆಗೆ ಬಾರದೆ ಉಳಿಯುವುದರಿಂದ, ಇಂಥವರು ಅಪಾಯದ ಪಟ್ಟಿಯಿಂದಲೇ ಹೊರಗುಳಿಯುತ್ತಾರೆ ಎಂಬುದು ಕಳವಳದ ವಿಷಯ.

ಕಾಲವೂ ಒಂದು ಅಂಶ. ಡೋಸ್ ಪಡೆದ ಕೆಲವು ತಿಂಗಳಲ್ಲಿ ಪ್ರತಿಕಾಯಗಳು ಇಳಿಯುವುದರಿಂದಲೇ ಭಾರತದಲ್ಲಿ 2022ರ ಜನವರಿ 10ರಿಂದ ಆರೋಗ್ಯ ಕಾರ್ಯಕರ್ತರು, ಮುಂಚೂಣಿ ಸಿಬ್ಬಂದಿ ಮತ್ತು ಇತರ ಕಾಯಿಲೆಗಳಿರುವ 60 ದಾಟಿದವರಿಗೆ ಮುನ್ನೆಚ್ಚರಿಕೆ ಡೋಸ್ ಆರಂಭವಾಯಿತು. ವೈರಾಣುವಿನ ಒಮಿಕ್ರಾನ್ ರೂಪಾಂತರಿಯು ಹಿಂದಿನ ಡೆಲ್ಟಾ ರೂಪಾಂತರಿಗಿಂತ ಶ್ವಾಸಕೋಶಕ್ಕೆ ಕಡಿಮೆ ಹಾನಿ ಮಾಡಿದರೂ ವೃದ್ಧರನ್ನು ಬಿಟ್ಟುಬಿಡಲಿಲ್ಲ.

ಆಸ್ಪತ್ರೆಗೆ ಸೇರಿದವರಲ್ಲಿ ಅನೇಕರು ಲಸಿಕೆ ಪಡೆದವರೇ ಆಗಿದ್ದರೆ ಲಸಿಕೆ ವ್ಯರ್ಥವೆಂದು ತೀರ್ಮಾನಿಸುವುದು ತಪ್ಪು ಲೆಕ್ಕ. ನೂರರಲ್ಲಿ ತೊಂಬತ್ತು ಜನ ಲಸಿಕೆ ಪಡೆದ ಊರಿನಲ್ಲಿ, ಉಳಿದ ಹತ್ತು ಜನರ ಅಪಾಯ ಪ್ರತಿಯೊಬ್ಬರಿಗೂ ಹಲವು ಪಟ್ಟು ಹೆಚ್ಚಿದ್ದರೂ, ರೋಗಿಗಳ ಸಾಲಿನಲ್ಲಿ ಲಸಿಕೆ ಪಡೆದವರ ಸಂಖ್ಯೆ ದೊಡ್ಡದಾಗಿಯೇ ಕಾಣಬಹುದು.

ಅಪಾಯದ ಅಂಶಗಳಿರುವವರಲ್ಲಿ ಜ್ವರ ಕೆಲವು ದಿನಗಳಾದರೂ ಇಳಿಯದಿದ್ದರೆ, ನಡೆದಾಗ ಏದುಸಿರು ಬಂದರೆ, ಬೆರಳಿಗೆ ಹಾಕುವ ಆಕ್ಸಿಮೀಟರ್‌ನಲ್ಲಿ ಆಮ್ಲಜನಕದ ಮಟ್ಟ 94ಕ್ಕಿಂತ ಕೆಳಗಿಳಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಕೋವಿಡ್‌ನಲ್ಲಿ ಉಸಿರಾಟದ ಕಷ್ಟ ಅನುಭವಕ್ಕೆ ಬರುವ ಮೊದಲೇ ಆಮ್ಲಜನಕ ಕುಸಿಯುವುದುಂಟು. ಮನೆಯಲ್ಲಿಯೇ ಸ್ಟಿರಾಯ್ಡ್ ಮಾತ್ರೆ ನುಂಗುವುದು ಮಾತ್ರ ಸಲ್ಲದು. ಬ್ರಿಟನ್ನಿನ ರಿಕವರಿ ಪ್ರಯೋಗವು 2020ರ ಜೂನ್‌ನಲ್ಲಿ ಪ್ರಕಟಿಸಿದಂತೆ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ವೆಂಟಿಲೇಟರ್‌ನಲ್ಲಿದ್ದವರ ಸಾವನ್ನು ಮೂರನೇ ಒಂದರಷ್ಟು ಕಡಿಮೆ ಮಾಡಿತಾದರೂ, ಆಮ್ಲಜನಕದ ಅಗತ್ಯವಿಲ್ಲದವರಿಗೆ ಅದರಿಂದ ಪ್ರಯೋಜನವಾಗಲಿಲ್ಲ. ಮಧುಮೇಹಿಗಳಲ್ಲಿ ಆ ಔಷಧವು ಸಕ್ಕರೆಯನ್ನು ಏರಿಸುತ್ತದೆ.