ಆಸ್ಪತ್ರೆ–ವಿಮಾ ಕಂಪನಿಗಳ ಜಗಳ: ಮಕ್ಕಳ ಶುಲ್ಕದ ಹಣ ಉಳಿಸಿಕೊಳ್ಳುವುದು ಹೇಗೆ?





ವಿದ್ಯಾರ್ಥಿವೇತನದ ಅರ್ಜಿಗಳನ್ನು ಪರಿಶೀಲಿಸುವಾಗ ನಾವು ಪದೇ ಪದೇ ಓದುವ ಮಾತೊಂದಿದೆ: ಮನೆಯಲ್ಲಿ ಒಬ್ಬರು ಆಸ್ಪತ್ರೆ ಸೇರಿದರು, ಕಾಲೇಜಿಗೆಂದು ಇಟ್ಟಿದ್ದ ಹಣ ಅಲ್ಲಿ ಖರ್ಚಾಯಿತು. ಹೀಗೆ ಬರೆಯುವವರಲ್ಲಿ ವಿಮೆ ಇಲ್ಲದವರು ಮಾತ್ರವಲ್ಲ, ತಪ್ಪದೆ ಪ್ರೀಮಿಯಂ ಕಟ್ಟಿದವರೂ ಇದ್ದಾರೆ. "ನಿಮ್ಮ ಕಂಪನಿಯ ಕ್ಯಾಶ್‌ಲೆಸ್ ಸದ್ಯ ನಮ್ಮಲ್ಲಿ ನಡೆಯುವುದಿಲ್ಲ, ಹಣ ಕಟ್ಟಿ" ಎಂದು ಕೌಂಟರಿನಲ್ಲಿ ಹೇಳಿದಾಗ ಅವರಿಗೆ ದಿಕ್ಕು ತೋಚುವುದಿಲ್ಲ. ಹೀಗೇಕಾಗುತ್ತದೆ, ಆಗ ಏನು ಮಾಡಬೇಕು ಎಂಬುದನ್ನು ಈ ಬಾರಿಯ ವರದಿಯಲ್ಲಿ ವಿವರಿಸುತ್ತಿದ್ದೇವೆ.

ಜಗಳ ಯಾತಕ್ಕೆ?

ಪ್ರತಿ ಚಿಕಿತ್ಸೆಗೆ ಎಷ್ಟು ದರ ಎಂಬುದರ ಬಗ್ಗೆ ವಿಮಾ ಕಂಪನಿಗೂ ಆಸ್ಪತ್ರೆಗೂ ಒಂದು ಒಪ್ಪಂದ ಇರುತ್ತದೆ. ಆ ಒಪ್ಪಂದ ಇರುವಲ್ಲಿ ಕಂಪನಿ ನೇರವಾಗಿ ಆಸ್ಪತ್ರೆಗೆ ಹಣ ಕೊಡುತ್ತದೆ. ಇದೇ ಕ್ಯಾಶ್‌ಲೆಸ್. ಒಪ್ಪಂದದ ಅವಧಿ ಮುಗಿದಾಗ ಖರ್ಚು ಏರಿದೆ, ದರ ಹೆಚ್ಚಿಸಿ ಎಂದು ಆಸ್ಪತ್ರೆ ಕೇಳುತ್ತದೆ. ಬಿಲ್ಲುಗಳು ಈಗಾಗಲೇ ದುಬಾರಿ, ಇನ್ನೂ ಹೆಚ್ಚಿಸಿದರೆ ಪ್ರೀಮಿಯಂ ಏರಿಸಬೇಕಾಗುತ್ತದೆ ಎಂದು ಕಂಪನಿ ಹೇಳುತ್ತದೆ. ಹಣ ಪಾವತಿಯಲ್ಲಿ ವಿಳಂಬ, ಬಿಲ್ಲಿನಲ್ಲಿ ಕಡಿತ ಎಂಬ ದೂರುಗಳೂ ಸೇರಿಕೊಳ್ಳುತ್ತವೆ. ಮಾತುಕತೆ ಮುರಿದರೆ ಕ್ಯಾಶ್‌ಲೆಸ್ ನಿಲ್ಲುತ್ತದೆ.

ಇದು ಹೊಸದಲ್ಲ. 2010ರ ಜುಲೈನಲ್ಲಿ ಸರ್ಕಾರಿ ಸ್ವಾಮ್ಯದ ನಾಲ್ಕು ವಿಮಾ ಕಂಪನಿಗಳು ಬೆಂಗಳೂರು, ದೆಹಲಿ, ಮುಂಬೈ, ಚೆನ್ನೈಗಳ ಅನೇಕ ದೊಡ್ಡ ಆಸ್ಪತ್ರೆಗಳಲ್ಲಿ ಕ್ಯಾಶ್‌ಲೆಸ್ ನಿಲ್ಲಿಸಿದ್ದವು. 2025ರ ಆಗಸ್ಟ್‌ನಲ್ಲಿ ಮ್ಯಾಕ್ಸ್ ಆಸ್ಪತ್ರೆಗಳಲ್ಲಿ ನಿವಾ ಬೂಪಾ ಪಾಲಿಸಿದಾರರಿಗೆ ಈ ಸೌಲಭ್ಯ ನಿಂತಿತು. ಅದೇ ತಿಂಗಳು ಆಸ್ಪತ್ರೆಗಳ ಸಂಘವೊಂದು ಬಜಾಜ್ ಅಲಯನ್ಸ್ ಪಾಲಿಸಿದಾರರಿಗೆ ಸೆಪ್ಟೆಂಬರ್ 1ರಿಂದ ಕ್ಯಾಶ್‌ಲೆಸ್ ಕೊಡಬೇಡಿ ಎಂದು ಉತ್ತರ ಭಾರತದ ತನ್ನ ಸದಸ್ಯರಿಗೆ ಸೂಚಿಸಿ, ಮಾತುಕತೆಯ ನಂತರ ಸೂಚನೆಯನ್ನು ಹಿಂತೆಗೆದುಕೊಂಡಿತು.

ನೆನಪಿಡಬೇಕಾದ ಮುಖ್ಯ ಮಾತು

ಕ್ಯಾಶ್‌ಲೆಸ್ ನಿಂತರೆ ಪಾಲಿಸಿ ರದ್ದಾಗುವುದಿಲ್ಲ. ನೀವು ಹಣ ಕಟ್ಟಿ, ನಂತರ ಪಾಲಿಸಿಯ ನಿಯಮದಂತೆ ಕಂಪನಿಯಿಂದ ಮರಳಿ ಪಡೆಯುವ ಹಕ್ಕು ಹಾಗೆಯೇ ಇರುತ್ತದೆ. ಹೊಡೆತ ಬೀಳುವುದು ನಡುವಿನ ಆ ಕೆಲವು ವಾರಗಳಲ್ಲಿ. ದಿನಗೂಲಿಯ ಮನೆಯಲ್ಲಿ ಒಡವೆ ಅಡವಿಗೆ ಹೋಗುವುದು, ಬಡ್ಡಿಯ ಸಾಲ ಮನೆ ಹೊಗುವುದು, ಮಗಳ ಸೆಮಿಸ್ಟರ್ ಶುಲ್ಕ ಕರಗುವುದು ಆಗಲೇ.

ಏನು ಮಾಡಬಹುದು?

1. ಮೊದಲೇ ನಿಗದಿಯಾದ ಶಸ್ತ್ರಚಿಕಿತ್ಸೆಯಾದರೆ, ನಿಮ್ಮ ಪಾಲಿಸಿಗೆ ಅಲ್ಲಿ ಕ್ಯಾಶ್‌ಲೆಸ್ ಇದೆಯೇ ಎಂದು ಆಸ್ಪತ್ರೆಯ ವಿಮಾ ಕೌಂಟರಿನಲ್ಲೂ ಕಂಪನಿಯಲ್ಲೂ ಕೇಳಿ. ಹಳೆಯ ಪಟ್ಟಿಯನ್ನು ನಂಬಬೇಡಿ. ಕೆಲಸದ ಕಡೆಯ ಗುಂಪು ವಿಮೆಯಾದರೆ ಅಲ್ಲಿನ ಸಿಬ್ಬಂದಿ ವಿಭಾಗಕ್ಕೂ ತಿಳಿಸಿ.

2. ಒಪ್ಪಂದ ಇಲ್ಲದ ಆಸ್ಪತ್ರೆಯಲ್ಲೂ ಕ್ಯಾಶ್‌ಲೆಸ್ ಕೇಳಲು 2024ರ ಜನವರಿಯಿಂದ 'ಕ್ಯಾಶ್‌ಲೆಸ್ ಎವೆರಿವೇರ್' ವ್ಯವಸ್ಥೆ ಇದೆ. ಸೇರುವ 48 ಗಂಟೆ ಮೊದಲು, ತುರ್ತು ಸಂದರ್ಭದಲ್ಲಿ ಸೇರಿದ 48 ಗಂಟೆಯೊಳಗೆ ಕಂಪನಿಗೆ ತಿಳಿಸಬೇಕು. ಆಸ್ಪತ್ರೆಯೂ ಒಪ್ಪಿದರೆ ಮಾತ್ರ ಇದು ನಡೆಯುತ್ತದೆ.

3. ಹಣ ಕಟ್ಟಲೇಬೇಕಾದರೆ ಡಿಸ್ಚಾರ್ಜ್ ಸಾರಾಂಶ, ವಿವರವಾದ ಬಿಲ್, ರಸೀದಿ, ಪರೀಕ್ಷಾ ವರದಿ, ಔಷಧಿ ಚೀಟಿಗಳ ಮೂಲ ಪ್ರತಿಗಳನ್ನು ಪಡೆದುಕೊಳ್ಳಿ. ಪಾಲಿಸಿಯಲ್ಲಿ ಹೇಳಿದ ಅವಧಿಯೊಳಗೆ ಅರ್ಜಿ ಹಾಕಿ, ಎಲ್ಲದರ ನಕಲು ಇಟ್ಟುಕೊಳ್ಳಿ.

4. 2024ರ ಮೇ ತಿಂಗಳ ವಿಮಾ ಪ್ರಾಧಿಕಾರದ ಸುತ್ತೋಲೆಯಂತೆ, ಕ್ಯಾಶ್‌ಲೆಸ್ ಕೋರಿಕೆಗೆ ಕಂಪನಿ 1 ಗಂಟೆಯೊಳಗೆ ಉತ್ತರ ಕೊಡಬೇಕು, ಡಿಸ್ಚಾರ್ಜ್ ಮಂಜೂರಾತಿಯನ್ನು 3 ಗಂಟೆಯೊಳಗೆ ನೀಡಬೇಕು. ಅದಕ್ಕಿಂತ ತಡವಾಗಿ ಆಸ್ಪತ್ರೆ ಹೆಚ್ಚುವರಿ ಹಣ ಕೇಳಿದರೆ ಅದು ಕಂಪನಿಯ ಹೊಣೆ. ರೋಗಿ ಚಿಕಿತ್ಸೆಯ ವೇಳೆ ತೀರಿಕೊಂಡರೆ ಮೃತದೇಹ ಕೂಡಲೇ ಸಿಗುವಂತೆ ಕಂಪನಿ ನೋಡಿಕೊಳ್ಳಬೇಕು. ದಫನ್ ತಡವಾಗಬಾರದೆಂಬ ನಮ್ಮ ಮನೆಗಳಿಗೆ ಇದು ತಿಳಿದಿರಲಿ.

5. ಕ್ಲೇಮ್ ತಿರಸ್ಕರಿಸಿದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸರಿಯೆನಿಸದಿದ್ದರೆ, ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. 50 ಲಕ್ಷ ರೂಪಾಯಿವರೆಗೆ ಪರಿಹಾರ ಕೊಡಿಸುವ ಅಧಿಕಾರ ಅವರಿಗಿದೆ.

6. ಖಾಸಗಿ ಕಂಪನಿಗಳ ಜಗಳ 'ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ' ಕಾರ್ಡನ್ನು ತಟ್ಟುವುದಿಲ್ಲ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಂತೆ 1.5 ಲಕ್ಷ ರೂಪಾಯಿವರೆಗೆ ನೆರವು ಇದೆ. ತುರ್ತು ಸಂದರ್ಭ ಬಿಟ್ಟರೆ ಸಾಮಾನ್ಯವಾಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಕಾರ್ಡ್ ಮಾಡಿಸದವರು ಕಾಯಿಲೆ ಬರುವ ಮೊದಲೇ ಮಾಡಿಸಿಕೊಳ್ಳಿ.

ವಿಮೆಯ ಶರೀಅತ್ ನಿಲುವಿನ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಅದನ್ನು ನಿಮ್ಮ ಉಲಮಾಗಳಲ್ಲಿ ಕೇಳಿ ತಿಳಿಯಿರಿ.

ದಾನಿಗಳಲ್ಲಿ ಮನವಿ, ಪೋಷಕರಿಗೆ ಸೂಚನೆ

ಕ್ಲೇಮಿನ ಹಣ ಬರುವವರೆಗಿನ ಆ ಕೆಲವು ವಾರಗಳಿಗೆ ನೆರವಾಗುವುದು ಕರ್ಝೆ ಹಸನ್, ಅಂದರೆ ಬಡ್ಡಿಯಿಲ್ಲದ ಸಾಲ. ಹಣ ಮರಳಿದಾಗ ಅದೇ ಮೊತ್ತ ಮತ್ತೊಂದು ಮನೆಗೆ ಒದಗುತ್ತದೆ. ಈ ನಿಧಿಗೆ ನಾವು ಝಕಾತ್ ಹಣ ಬಳಸುವುದಿಲ್ಲ, ಸದಕಾ ಮತ್ತು ಸಾಮಾನ್ಯ ದೇಣಿಗೆಯಿಂದಲೇ ನಡೆಸುತ್ತೇವೆ. ಆಸ್ಪತ್ರೆಯ ಸಾಲ ತೀರಿಸಲಾಗದವರ ವಿಷಯ ಬೇರೆ. ಪವಿತ್ರ ಕುರ್‌ಆನ್‌ನ ಅತ್ತೌಬಾ ಅಧ್ಯಾಯದ 60ನೇ ಸೂಕ್ತ ಹೇಳುವ ಝಕಾತ್‌ನ ಎಂಟು ಹಕ್ಕುದಾರರಲ್ಲಿ ಸಾಲದಲ್ಲಿ ಸಿಲುಕಿದವರೂ ಇದ್ದಾರೆ. ದೇಣಿಗೆ ನೀಡುವಾಗ ಅದು ಯಾವ ನಿಧಿಗೆ ಎಂದು ದಯವಿಟ್ಟು ನಮೂದಿಸಿ.

ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಪೋಷಕರು ಬಾಕಿ ಇರುವ ಆಸ್ಪತ್ರೆ ಬಿಲ್ ಮತ್ತು ಕ್ಲೇಮ್ ಅರ್ಜಿಯ ನಕಲನ್ನು ಲಗತ್ತಿಸಿ. ಕಾಯಿಲೆಯ ವಿಷಯ ಬರೆಯಲು ಸಂಕೋಚ ಬೇಡ, ಅದನ್ನು ಗೋಪ್ಯವಾಗಿಡುತ್ತೇವೆ. ಮಂಜೂರಾದ ಶುಲ್ಕವನ್ನು ನೇರವಾಗಿ ಕಾಲೇಜಿಗೇ ಕಟ್ಟುತ್ತೇವೆ.

ಕಾಯಿಲೆ ಬಿದ್ದವರಿಗೆ ಅಲ್ಲಾಹನು ಶಿಫಾ ನೀಡಲಿ, ನಿಮ್ಮ ದಾನವನ್ನು ಸ್ವೀಕರಿಸಲಿ. ಆಮೀನ್.